ಲಿಮಿಟ್ ಇದ್ದರೆ ಜೂಜಲ್ಲವೆ?

ಯುಗಾದಿ ಬಂತೆಂದರೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಸ್ಪೀಟ್ ಕಟ್ಟುಗಳು ಹೊರಬರುತ್ತವೆ. ಆದಿಚುಂಚನಗಿರಿಯ ಸುತ್ತಿನ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಕಡೆಯೂ ಅಷ್ಟೆ. ಹಬ್ಬದ ಆಟವೆಂದು ಊರು ಸುಮ್ಮನಿರುತ್ತದೆ. ಇದು ಅವರ ಹಬ್ಬದ ದೋಷವೆಂದು ನಾವು ಬೆರಳು ತೋರಿಸುವಂತಿಲ್ಲ. ಅಂದರ್-ಬಾಹರ್‌ನ ಆ ಚಾಪೆಯ ಮೇಲೆ ನಮ್ಮ ಹುಡುಗರೂ ಕೂತಿರುತ್ತಾರೆ.

ಈ ಹುಡುಗರಿಗೆ ಮೊಬೈಲ್ ಒಂದು ಹೊಸ ಚರ್ಚೆ ಕಲಿಸಿಕೊಟ್ಟಿದೆ. ಪೋಕರ್‌ನಲ್ಲಿ ದುಡ್ಡು ಮಾಡಬೇಕೆಂದರೆ ಲಿಮಿಟ್ ಆಟ ಒಳ್ಳೆಯದೋ, ನೋ-ಲಿಮಿಟ್ಟೋ? ಲಿಮಿಟ್ ಎಂದರೆ ಪ್ರತಿ ಸುತ್ತಿನಲ್ಲಿ ಪಣ ಎಷ್ಟು ಏರಿಸಬಹುದೆಂಬುದು ಮೊದಲೇ ನಿಗದಿ. ನೋ-ಲಿಮಿಟ್‌ನಲ್ಲಿ ಮುಂದಿರುವುದನ್ನೆಲ್ಲ ಒಂದೇ ಎಲೆಯ ಮೇಲೆ ಸುರಿಯಬಹುದು. ‘ಲಿಮಿಟ್ ಇಟ್ಟುಕೊಂಡು ಆಡಿದರೆ ಏನೂ ಆಗೋಲ್ಲ ಬಿಡಿ’ ಎಂಬ ಸಮಜಾಯಿಷಿ ಬೇರೆ.

ಲೆಕ್ಕ ಹಾಕಿ ನೋಡೋಣ. ಆರು ಜನ ತಲಾ 1,000 ರೂಪಾಯಿ ಇಟ್ಟುಕೊಂಡು ಕೂತರೆನ್ನಿ. ಒಂದೊಂದು ಆಟದಲ್ಲಿ ಸೇರುವ ಹಣ ಸರಾಸರಿ 200. ಆಟ ನಡೆಸುವವನ ಪಾಲು ನೂರಕ್ಕೆ 5, ಅಂದರೆ ಆಟಕ್ಕೆ 10 ರೂಪಾಯಿ. ನೂರು ಆಟ ಮುಗಿದಾಗ 1,000 ಅವನ ಜೇಬಿನಲ್ಲಿ. ಆರು ಜನ ತಂದ 6,000ದಲ್ಲಿ ಉಳಿದದ್ದು 5,000. ಇವರ ಪೈಕಿ ಒಬ್ಬ ಗೆದ್ದನೆಂದರೆ ಅದು ಪಕ್ಕದಲ್ಲಿ ಕೂತವನ ರಾಗಿಯ ಹಣ, ಕಬ್ಬಿನ ಹಣ. ಭತ್ತದ ಒಂದು ಕಾಳೂ ಅಲ್ಲಿ ಹೊಸದಾಗಿ ಬೆಳೆಯಲಿಲ್ಲ. ಲಿಮಿಟ್‌ನಲ್ಲಿ ಬೆಳಗಿನವರೆಗೆ ಸೋರುವುದು ನೋ-ಲಿಮಿಟ್‌ನಲ್ಲಿ ಹತ್ತು ನಿಮಿಷಕ್ಕೆ ಹೋಗುತ್ತದೆ, ಅಷ್ಟೆ.

ಪೋಕರ್‌ಗೆ ಬುದ್ಧಿ ಬೇಕು, ಅದು ಬರೀ ಅದೃಷ್ಟವಲ್ಲ ಎನ್ನುತ್ತಾರೆ. ಒಪ್ಪಿದೆವು. ರಮ್ಮಿ ಮುಖ್ಯವಾಗಿ ಚಾತುರ್ಯದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆದರೆ ಚಾತುರ್ಯವಿರುವುದು ಸಮಾಧಾನದ ಮಾತೆ? ಬಲ್ಲವನು ಬಾರದವನನ್ನು ಹುಡುಕಿಕೊಂಡು ಕೂತು ಅವನ ಹಣ ಎತ್ತುವುದು ನಮಗೆ ಕುರುಡು ಅದೃಷ್ಟಕ್ಕಿಂತ ಹೀನವಾಗಿ ಕಾಣುತ್ತದೆ. ಧರ್ಮರಾಯನೆದುರು ಕೂತ ಶಕುನಿಯೂ ಚತುರನೇ. ಕುರ್‌ಆನ್ ಮದ್ಯದ ಜೊತೆಗೇ ಮೈಸಿರ್ ಅನ್ನೂ ನಿಷೇಧಿಸುವಾಗ ಸಣ್ಣ ಪಣ, ದೊಡ್ಡ ಪಣ ಎಂದು ವಿಂಗಡಿಸಿಲ್ಲ.

ಆನ್‌ಲೈನ್ ಜೂಜಿಗೆ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಚಾತುರ್ಯ-ಅದೃಷ್ಟಗಳ ಭೇದವನ್ನೇ ಬಿಟ್ಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಅದು ಮೊಬೈಲಿನ ಮಾತು. ಚಾಪೆ ಹಾಸಿದಲ್ಲೇ ಇದೆ.

ಬಡ್ಡಿಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ನಮ್ಮ ಜಮಾಅತ್‌ಗಳು ಇಸ್ಪೀಟಿನ ಬಗ್ಗೆ ಯಾಕೋ ಮೌನ. ಯುಗಾದಿಗೆ ಮೊದಲಿನ ಶುಕ್ರವಾರದ ಖುತ್ಬಾದಲ್ಲಿ ಇಮಾಮರು ಈ 6,000 ರೂಪಾಯಿಯ ಲೆಕ್ಕವನ್ನೇ ಹೇಳಲಿ. ಮಠಗಳ ಮಾತಿಗೆ ತಲೆಬಾಗುವ ಜಿಲ್ಲೆಯಿದು, ಸ್ವಾಮೀಜಿಗಳೂ ಹೇಳಲಿ. ಚಾಪೆಯ ಮೇಲೆ ಒಟ್ಟಿಗೇ ಕೂತವರನ್ನು ಒಟ್ಟಿಗೇ ಎಬ್ಬಿಸಬೇಕು.