ಹಿತ್ತಿಲ ಕಟ್ಟೆ ಬಿರಿಯುವುದೇಕೆ?

ಮನೆ ಕಟ್ಟಿ ಉಳಿದ ನೂರಿನ್ನೂರು ಇಟ್ಟಿಗೆ ಹಿತ್ತಿಲ ಮೂಲೆಯಲ್ಲಿ ಪಾಚಿ ಹಿಡಿದು ಕೂತಿರುವುದು ಕೊಳ್ಳೇಗಾಲದ ಕಡೆಯೂ ಸಾಮಾನ್ಯ. ಅಷ್ಟರಲ್ಲಿ ಒಂದು ಹೂವಿನ ಕಟ್ಟೆಯನ್ನೋ ಸೊಪ್ಪಿನ ಪಾತಿಗೆ ಅಂಚನ್ನೋ ಮನೆಯವರೇ ಕಟ್ಟಿಕೊಳ್ಳಬಹುದು. ಆದರೆ ಹೀಗೆ ಕಟ್ಟಿದ ಎಷ್ಟೋ ಕಟ್ಟೆಗಳು ಎರಡು ಮೂರು ಮಳೆಗಾಲದೊಳಗೆ ಬಾಯಿ ಬಿಡುತ್ತವೆ. ಸಿಮೆಂಟ್ ಸಾಲಲಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ತಪ್ಪು ಇರುವುದು ಕೆಳಗಿನ ಮಣ್ಣಿನಲ್ಲಿ ಮತ್ತು ಒಳಗೆ ನಿಂತ ನೀರಿನಲ್ಲಿ.

ಮೊದಲು ಮಣ್ಣು. ಹನೂರಿನ ಕಡೆ ಹೆಚ್ಚಾಗಿ ಕೆಂಪು ನೆಲ. ಯಳಂದೂರು, ಸಂತೇಮರಹಳ್ಳಿ ಕಡೆ ಹೋದರೆ ಕಪ್ಪು ಮಣ್ಣು ಸಿಗುತ್ತದೆ. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ನೆಲ ಅಷ್ಟಾಗಿ ಅಲುಗುವುದಿಲ್ಲ. ಕಪ್ಪು ಮಣ್ಣಿನ ಜೇಡಿ ಹಾಗಲ್ಲ. ಅದರ ಸೂಕ್ಷ್ಮ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಇಟ್ಟಿಗೆ ಇಟ್ಟರೆ ಕಟ್ಟೆಯ ಒಂದು ಮೂಲೆ ಏಳುತ್ತದೆ, ಇನ್ನೊಂದು ಕೂರುತ್ತದೆ. ಎಷ್ಟು ಸಿಮೆಂಟ್ ಸುರಿದರೂ ಈ ಎಳೆದಾಟ ನಿಲ್ಲದು. ಆದ್ದರಿಂದ ಕೆಂಪು ನೆಲದಲ್ಲಿ ಅರ್ಧ ಅಡಿ ಪಾಯ ಸಾಕಾದರೆ, ಕಪ್ಪು ನೆಲದಲ್ಲಿ ಒಂದೂವರೆ ಅಡಿ ಅಗೆದು, ಆ ಮಣ್ಣನ್ನು ಪೂರ್ತಿ ತೆಗೆದು, ಗರಸು ತುಂಬಿ, ನೀರು ಹಾಕಿ ದಿಮ್ಮಿಸಬೇಕು. ಮೇಲೆ ಮೂರು ನಾಲ್ಕು ಇಂಚು ಜಲ್ಲಿ ಕಾಂಕ್ರೀಟ್ ಹಾಕಿದರೆ ಇಟ್ಟಿಗೆ ಕೂರಲು ಸಮನಾದ ಹಾಸು ಸಿಗುತ್ತದೆ.

ಇನ್ನು ಇಟ್ಟಿಗೆ. ಎರಡನ್ನು ಒಂದಕ್ಕೊಂದು ತಟ್ಟಿದರೆ ಕಣಕಣ ಸದ್ದು ಬರಬೇಕು, ಉಗುರಿನಿಂದ ಗೀರಿದರೆ ಗುರುತು ಬೀಳಬಾರದು. ಇನ್ನೂ ಖಚಿತವಾಗಬೇಕೆಂದರೆ ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎನ್ನುತ್ತದೆ ಭಾರತೀಯ ಮಾನಕ. ಎಂದರೆ ಮೂರು ಕೆ.ಜಿ.ಯ ಇಟ್ಟಿಗೆ 600 ಗ್ರಾಂ ದಾಟಬಾರದು.

ಗಾರೆ ಕೆಲಸದವರು ಕಟ್ಟುವ ಮುನ್ನ ಇಟ್ಟಿಗೆ ನೆನೆಸುವುದಕ್ಕೂ ಕಾರಣವಿದೆ. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಗಟ್ಟಿಯಾಗುವುದು ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಸಂದು ಪುಡಿಪುಡಿಯಾಗಿ ಉದುರುತ್ತದೆ. ಕಟ್ಟಿದ ಮೇಲೆ ಒಂದು ವಾರ ಬೆಳಿಗ್ಗೆ ಸಂಜೆ ನೀರು ಹೊಡೆಯುವುದೂ ಇದಕ್ಕೇ.

ಗಾರೆ ಎಷ್ಟು ಗಟ್ಟಿಯಿರಬೇಕು? ಸಣ್ಣ ಕಟ್ಟೆಗೆ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು ಅಥವಾ ಎಂ-ಸ್ಯಾಂಡ್ ಧಾರಾಳವಾಯಿತು. ಒಂದಕ್ಕೆ ಮೂರು ಹಾಕಿದರೆ ಕಲ್ಲಿನಂತಾಗುತ್ತದೆ ನಿಜ, ಆದರೆ ಸಿಮೆಂಟ್ ಹೆಚ್ಚಿದಷ್ಟೂ ಗಾರೆ ಕುಗ್ಗುವುದೂ ಹೆಚ್ಚು. ಗಾರೆ ಇಟ್ಟಿಗೆಗಿಂತ ತುಸು ಮೆದುವಾಗಿದ್ದರೆ, ನೆಲ ಸ್ವಲ್ಪ ಅಲುಗಿದಾಗ ಬಿರುಕು ಸಂದಿನಲ್ಲೇ ಬೀಳುತ್ತದೆ. ಸಂದನ್ನು ಕೆರೆದು ಮತ್ತೆ ತುಂಬಬಹುದು. ಇಟ್ಟಿಗೆಯೇ ಸೀಳಿದರೆ ಕಿತ್ತು ಕಟ್ಟಬೇಕಾಗುತ್ತದೆ.

ಜೋಡಣೆಯ ನಿಯಮ ಒಂದೇ: ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡುಭಾಗ ಬರಬೇಕು. ಸಂದಿನ ಮೇಲೆ ಸಂದು ಬಂದರೆ ಮೇಲಿನಿಂದ ಕೆಳಗೆ ಒಂದೇ ಸೀಳುದಾರಿ ನಾವೇ ಮಾಡಿಕೊಟ್ಟಂತೆ. ಮೂಲೆಗಳನ್ನು ಮೊದಲು ಎತ್ತಿ, ನಡುವೆ ದಾರ ಕಟ್ಟಿ, ಪ್ರತಿ ವರಸೆಗೂ ರಸಮಟ್ಟ ಇಟ್ಟು ನೋಡಬೇಕು.

ಲೆಕ್ಕಕ್ಕೆ ನಾಲ್ಕು ಅಡಿ ಚೌಕದ ಕಟ್ಟೆಯನ್ನು ತೆಗೆದುಕೊಳ್ಳೋಣ. ಗೋಡೆ ನಾಲ್ಕೂವರೆ ಇಂಚು ದಪ್ಪ, ಇಟ್ಟಿಗೆ ಒಂಬತ್ತು ಇಂಚು ಉದ್ದದ್ದು ಎಂದಾದರೆ, ಒಂದು ವರಸೆಗೆ 18-19 ಇಟ್ಟಿಗೆ ಹಿಡಿಯುತ್ತದೆ. ಐದು ವರಸೆಗೆ ಸುಮಾರು 95. ಒಡೆಯುವುದನ್ನೂ ಸೇರಿಸಿ 105 ಇಟ್ಟುಕೊಳ್ಳಿ. ಒಂದೊಂದು ಗೂಡಿನ ಅಳತೆ ಒಂದೊಂದು ಥರ, ಕೈಲಿರುವ ಇಟ್ಟಿಗೆಯನ್ನು ಅಳೆದೇ ಲೆಕ್ಕ ಹಾಕಿ.

ಎಲ್ಲರೂ ಮರೆಯುವುದು ನೀರಿನ ದಾರಿಯನ್ನು. ನೆನೆದ ಮಣ್ಣು ಭಾರವಾಗುತ್ತದೆ, ಜೊತೆಗೆ ಅದರೊಳಗೆ ನಿಂತ ನೀರು ಗೋಡೆಯನ್ನು ಪಕ್ಕಕ್ಕೆ ತಳ್ಳುತ್ತದೆ. ತೆಳು ಗೋಡೆ ಮಣ್ಣನ್ನು ತಡೆದೀತು, ಎರಡನ್ನೂ ಒಟ್ಟಿಗೆ ತಡೆಯುವುದು ಕಷ್ಟ. ನೆಲದ ಮೇಲಿನ ಮೊದಲ ವರಸೆಯಲ್ಲಿ ಎರಡು ಮೂರು ಅಡಿಗೊಂದು ನಿಲುವು ಸಂದನ್ನು ಗಾರೆಯಿಲ್ಲದೆ ಬಿಟ್ಟು, ಅದರ ಹಿಂದೆ ಒಂದಿಷ್ಟು ಜಲ್ಲಿ ಹಾಕಿದರೆ ನೀರು ಹರಿದುಹೋಗುತ್ತದೆ. ಒಳಗೆ ಕಪ್ಪು ಮಣ್ಣನ್ನೇ ತುಂಬಬೇಡಿ. ಅದು ಅಲ್ಲಿಯೂ ಉಬ್ಬುತ್ತದೆ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸೇರಿಸಿ ತುಂಬಿ. ಹೊರಮೈಯಲ್ಲಿ ಬಿಳಿ ಹೊಟ್ಟು ಕಾಣಿಸಿದರೆ ಗಾಬರಿ ಬೇಡ. ಅದು ನೀರು ಆರಿ ಉಳಿದ ಲವಣ, ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಬೆಳೆದ ಮರದ ಸುತ್ತ ಕಟ್ಟೆ ಕಟ್ಟುವ ವಿಷಯ ಮಾತ್ರ ಬೇರೆ. ನೀರು, ಗಾಳಿ ಎಳೆದುಕೊಳ್ಳುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲುಪದರದಲ್ಲೇ ಇರುತ್ತವೆ. ಪಾಯ ಅಗೆದರೆ ಅವು ತುಂಡಾಗುತ್ತವೆ. ಕಾಂಡದ ಸುತ್ತ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಅರಳಿ ಕಟ್ಟೆ ಶತಮಾನ ಬಾಳಲಿಲ್ಲವೇ ಎಂದರೆ, ಅರಳಿ ಗೋಡೆ ಸೀಳಿಯೂ ಬೇರು ಬಿಡುವ ಗಟ್ಟಿ ಜೀವ. ಮಾವು, ಹಲಸಿಗೆ ಆ ಶಕ್ತಿಯಿಲ್ಲ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನಷ್ಟು ಜಾಗದ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದು ಇಂಥ ಕಾರಣಕ್ಕೇ.

ನನ್ನ ಅಭಿಪ್ರಾಯ ಕೇಳಿದರೆ, ಎರಡಡಿ ಎತ್ತರದವರೆಗಿನ ಕಟ್ಟೆಯನ್ನು ಧೈರ್ಯವಾಗಿ ನೀವೇ ಕಟ್ಟಿ. ಕಾಂಪೌಂಡ್, ಮೆಟ್ಟಿಲು, ನೀರಿನ ತೊಟ್ಟಿಗೆ ಗಾರೆಯವರನ್ನೇ ಕರೆಯಿರಿ. ಮರದ ಬುಡಕ್ಕೆ ಅಂಚು ಬೇಕೇಬೇಕೆನಿಸಿದರೆ, ಕಾಂಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ಗಾರೆಯಿಲ್ಲದೆ ಒಂದೇ ವರಸೆ ಇಟ್ಟಿಗೆ ಜೋಡಿಸಿ. ಮರ ದಪ್ಪವಾದಾಗ ಇಟ್ಟಿಗೆಯನ್ನು ಹಿಂದಕ್ಕೆ ಸರಿಸಿಕೊಂಡರಾಯಿತು.