ಗೃಹಾರೋಗ್ಯ: ಊತ ಇಳಿದರೆ ರೋಗ ಇಳಿಯಿತೆ?

ಮಕ್ಕಳ ಮೈ ತುಂಬಿಕೊಂಡು ಬರುವುದನ್ನು ಕಂಡರೆ ಹೆತ್ತವರಿಗೆ ಸಂತೋಷವಾಗುವುದು ಸಹಜವೇ. ಆದರೆ ಮೈ ತುಂಬಿದುದೆಲ್ಲವೂ ಪುಷ್ಟಿಯಲ್ಲ. ದೊಮ್ಮಲೂರಿನಲ್ಲಿ ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಆ ಮನೆಯ ನಾಲ್ಕು ವರ್ಷದ ಹುಡುಗನು ಒಂದು ದಿನ ಬೆಳಿಗ್ಗೆ ಏಳುವಾಗ ಅವನ ಕಣ್ಣುರೆಪ್ಪೆಗಳು ಊದಿಕೊಂಡಿದ್ದುವು. ಮಧ್ಯಾಹ್ನದ ಹೊತ್ತಿಗೆ ಆ ಊತ ಇಳಿಯಿತು. ಸಂಜೆಗೆ ಪಾದಗಳಲ್ಲಿ ಕಾಣಿಸಿತು. ಸೊಳ್ಳೆ ಕಚ್ಚಿರಬೇಕೆಂದರು ತಂದೆ. ಮಗು ಮಣ್ಣು ತಿಂದಿದೆಯೆಂದರು ಅಜ್ಜಿ. ಚೊಕ್ಕನಾಥಸ್ವಾಮಿಗೆ ಹರಕೆಯನ್ನೂ ಹೊತ್ತರು. ವಾರ ಕಳೆಯುವುದರೊಳಗೆ ಹೊಟ್ಟೆ ಉಬ್ಬಿತು. ಚಡ್ಡಿಯ ಲಾಡಿ ಸೊಂಟದಲ್ಲಿ ಅಚ್ಚೊತ್ತಿತು. ಮೂತ್ರವು ಕಡಿಮೆಯಾಗಿ, ಬಿದ್ದಲ್ಲಿ ನೊರೆ ನಿಲ್ಲತೊಡಗಿತು. ಆಗ ವೈದ್ಯರ ಬಳಿಗೆ ಹೋದರು. ಮೂತ್ರವನ್ನೂ ರಕ್ತವನ್ನೂ ಪರೀಕ್ಷಿಸಿದ ವೈದ್ಯರು ಇದು ನೆಫ್ರಾಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ವ್ಯಾಧಿಯೆಂದು ಹೇಳಿದರು.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಜರಡಿಗಳಿವೆ. ರಕ್ತದ ಕಲ್ಮಷವನ್ನು ಹೊರಕ್ಕೆ ಬಿಟ್ಟು, ಆಲ್ಬುಮಿನ್ ಎಂಬ ಪ್ರೋಟೀನನ್ನು ಒಳಗೇ ಉಳಿಸಿಕೊಳ್ಳುವುದು ಇವುಗಳ ಕೆಲಸ. ರಕ್ತನಾಳಗಳೊಳಗೆ ನೀರನ್ನು ಹಿಡಿದಿಡುವುದು ಈ ಆಲ್ಬುಮಿನ್. ಜರಡಿಯ ಕಣ್ಣು ದೊಡ್ಡದಾದರೆ ಅದು ಮೂತ್ರದೊಡನೆ ಸೋರಿಹೋಗುತ್ತದೆ. ಹಿಡಿತ ತಪ್ಪಿದ ನೀರು ಮೈಯಲ್ಲೆಲ್ಲ ತುಂಬಿಕೊಳ್ಳುತ್ತದೆ. ಆದ್ದರಿಂದ ಮೂತ್ರದಲ್ಲಿ ಪ್ರೋಟೀನು ಹೆಚ್ಚಿರುವುದು, ರಕ್ತದಲ್ಲಿ ಆಲ್ಬುಮಿನ್ ತಗ್ಗಿರುವುದು, ಕೊಲೆಸ್ಟರಾಲ್ ಏರಿರುವುದು, ಇವು ಈ ರೋಗದ ಗುರುತುಗಳು. ಎರಡರಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಮಣ್ಣು ತಿಂದುದರಿಂದಾಗಲಿ ತಾಯಿಯ ಅಜಾಗ್ರತೆಯಿಂದಾಗಲಿ ಬರತಕ್ಕದ್ದಲ್ಲ. ಒಬ್ಬರಿಂದೊಬ್ಬರಿಗೆ ಅಂಟತಕ್ಕದ್ದೂ ಅಲ್ಲ.

ಇದಕ್ಕೆ ಮುಖ್ಯವಾದ ಮದ್ದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಸ್ಟೀರಾಯ್ಡುಗಳೂ ಸೋಂಕನ್ನು ತಡೆಯುವ ಔಷಧಿಗಳೂ ಬರುವುದಕ್ಕೆ ಮುಂಚೆ ಈ ವ್ಯಾಧಿಯ ಅನೇಕ ಮಕ್ಕಳು ಸೋಂಕಿಗೆ ತುತ್ತಾಗಿ ತೀರಿಕೊಳ್ಳುತ್ತಿದ್ದರು. ಈಗಲಾದರೋ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಈ ಮಾತ್ರೆಯಿಂದ ಸೋರಿಕೆ ನಿಲ್ಲುತ್ತದೆ. ಮೊದಲ ಸಲ ಬಂದಾಗ 6 ವಾರ ದಿನವೂ, ಮುಂದೆ 6 ವಾರ ದಿನ ಬಿಟ್ಟು ದಿನವೂ ಕೊಡಬೇಕೆಂದು ನಮ್ಮ ದೇಶದ ಮಕ್ಕಳ ಮೂತ್ರಪಿಂಡತಜ್ಞರ ಸಂಘವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿದೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಗೊತ್ತುಮಾಡುವರು.

ನಮ್ಮ ಹುಡುಗನಿಗೂ ಹಾಗೆಯೇ ಆಯಿತು. ಎರಡು ವಾರದೊಳಗೆ ಊತ ಇಳಿದು ಮೈ ಹಗುರವಾಯಿತು, ಮನೆಯಲ್ಲಿ ಪಾಯಸವಾಯಿತು. ಆದರೆ ಐದನೆಯ ವಾರದಲ್ಲಿ ಅವನ ಮುಖ ಮತ್ತೆ ದುಂಡಗಾಯಿತು. ಹೊತ್ತುಗೊತ್ತಿಲ್ಲದೆ ಹಸಿವೆ, ಹಟ. “ಸ್ಟೀರಾಯ್ಡ್ ಮಾತ್ರೆಯಂತೆ, ಎಲುಬನ್ನು ತಿಂದುಬಿಡುತ್ತದಂತೆ, ನಿಲ್ಲಿಸಿಬಿಡಿ” ಎಂದು ನೆರೆಯವರು ಹಿತ ಹೇಳಿದರು. ಊತವೇ ಮರಳಿತೆಂದೂ ಮಾತ್ರೆಯು ಕೈಕೊಟ್ಟಿತೆಂದೂ ಬಗೆದ ಮನೆಯವರು ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿದರು. ಮೂರನೆಯ ದಿನವೇ ಮಗುವಿಗೆ ವಾಂತಿ, ನಿಶ್ಶಕ್ತಿ. ಆ ರಾತ್ರಿ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದುದನ್ನು ನೆನೆದು ಆ ತಾಯಿ ಈಗಲೂ ಕಣ್ಣೀರಿಡುವರು.

ತಪ್ಪಾದುದೆಲ್ಲಿ? ಮುಖ ದುಂಡಗಾದುದು ಮಾತ್ರೆಯ ಪರಿಣಾಮವೇ ಹೊರತು ರೋಗದ ಊತವಲ್ಲ. ಮಾತ್ರೆಯನ್ನು ಕ್ರಮವಾಗಿ ಇಳಿಸಿದ ಮೇಲೆ ಅದು ಬಹುಮಟ್ಟಿಗೆ ತಾನಾಗಿ ಮರೆಯಾಗುವುದು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಎರಡು ಚಿಕ್ಕ ಗ್ರಂಥಿಗಳು ಸ್ವಂತವಾಗಿ ಇಂಥದೇ ರಸವನ್ನು ತಯಾರಿಸುತ್ತಿರುತ್ತವೆ. ಹೊರಗಿನಿಂದ ಹಲವು ವಾರ ಒದಗಿಬಂದಾಗ ಅವು ಕೆಲಸವನ್ನು ಕುಗ್ಗಿಸಿಕೊಳ್ಳುತ್ತವೆ. ಥಟ್ಟನೆ ಮಾತ್ರೆ ನಿಂತರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲವೆಂಬ ದುರವಸ್ಥೆ ಒದಗುವುದು. ಸ್ಟೀರಾಯ್ಡಿನಿಂದ ಕೆಡುಕೇ ಇಲ್ಲವೆಂದು ನಾವು ಹೇಳುತ್ತಿಲ್ಲ. ದೀರ್ಘಕಾಲ ಕೊಟ್ಟರೆ ಎತ್ತರದ ಬೆಳವಣಿಗೆ ಕುಂಠಿತವಾಗಬಹುದು, ರಕ್ತದೊತ್ತಡ ಏರಬಹುದು, ಕಣ್ಣಿಗೆ ಪೊರೆ ಬರಬಹುದು. ಆದುದರಿಂದಲೇ ವೈದ್ಯರು ಆಗಾಗ್ಗೆ ಎತ್ತರ, ತೂಕ, ಒತ್ತಡ, ಕಣ್ಣುಗಳನ್ನು ಪರೀಕ್ಷಿಸುವರು. ಪದೇ ಪದೇ ಬೇಕಾಗುವ ಮಕ್ಕಳಿಗೆ ಬೇರೆ ಔಷಧಿಗಳನ್ನು ಯೋಚಿಸುವರು.

ಹಾಗಾದರೆ ಕಣ್ಣನ್ನು ನಂಬದೆ ಯಾವುದನ್ನು ನಂಬಬೇಕು? ಮೂತ್ರವನ್ನು. 1827ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಎಂಬವನು, ಮೈ ಊದಿದ ರೋಗಿಗಳ ಮೂತ್ರವನ್ನು ಕಾಯಿಸಿದರೆ ಗರಣೆಗಟ್ಟುವುದೆಂದೂ ಇದರ ಮೂಲ ಮೂತ್ರಪಿಂಡದಲ್ಲಿದೆಯೆಂದೂ ತೋರಿಸಿದನು. ಅದೇ ತತ್ತ್ವವು ಈಗ ನಮ್ಮ ಮನೆಗಳಿಗೆ ಬಂದಿದೆ. ಔಷಧಿಯಂಗಡಿಯಲ್ಲಿ ಸಿಕ್ಕುವ ಪರೀಕ್ಷಾಪಟ್ಟಿಯನ್ನು ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಿದರೆ, ಪ್ರೋಟೀನು ಇದ್ದಷ್ಟೂ ಹಳದಿ ಬಣ್ಣ ಹಸಿರಿಗೆ ತಿರುಗುವುದು. ಇಲ್ಲವಾದರೆ ಗಾಜಿನ ನಳಿಕೆಯಲ್ಲಿ ಮೂತ್ರವನ್ನು ತೆಗೆದುಕೊಂಡು ಸಲ್ಫೊಸ್ಯಾಲಿಸಿಲಿಕ್ ಆಮ್ಲದ ಕೆಲವು ಹನಿ ಬಿಡಬಹುದು. ತಿಳಿಯಾಗಿಯೇ ಉಳಿದರೆ ಕ್ಷೇಮ, ಒಡೆದ ಹಾಲಿನಂತೆ ಗರಣೆಗಟ್ಟಿದರೆ ಸೋರಿಕೆ ಬಹಳವಿದೆಯೆಂದು ಅರ್ಥ. ಈ ಆಮ್ಲವು ಮಕ್ಕಳ ಕೈಗೆ ಸಿಕ್ಕದಂತಿರಲಿ. ಸತತವಾಗಿ ಮೂರು ದಿನ ಪ್ರೋಟೀನು ಕಾಣದಿದ್ದರೆ ಅಥವಾ ಲೇಶಮಾತ್ರವಿದ್ದರೆ ರೋಗ ಅಡಗಿತೆಂದು ಲೆಕ್ಕ. ಮೂರು ದಿನವೂ ಮೂರು ಅಥವಾ ನಾಲ್ಕು ಗುರುತು ತೋರಿದರೆ ಮರುಕಳಿಸಿತೆಂದು ಲೆಕ್ಕ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದು ಒಮ್ಮೆಯಾದರೂ ಮರುಕಳಿಸುವುದುಂಟು. ಅನೇಕ ವೇಳೆ ನೆಗಡಿ ಜ್ವರಗಳೇ ಅದಕ್ಕೆ ನೆಪ.

ಇದಕ್ಕಿಂತಲೂ ಸೂಕ್ಷ್ಮವಾದ ಗುರುತುಗಳನ್ನು ವಿದ್ವಾಂಸರು ಹುಡುಕುತ್ತಿದ್ದಾರೆ. ಜರಡಿಯನ್ನು ಹೆಣೆಯುವ ನೆಫ್ರಿನ್ ಎಂಬ ಪ್ರೋಟೀನಿನ ಜೀನು 1998ರಲ್ಲಿಯೂ ಪೊಡೊಸಿನ್ ಎಂಬುದರದು 2000ದಲ್ಲಿಯೂ ತಿಳಿದುಬಂದುವು. ಇವುಗಳಲ್ಲಿ ಹುಟ್ಟಿನಿಂದಲೇ ದೋಷವಿರುವ ಮಕ್ಕಳಿಗೆ ಸ್ಟೀರಾಯ್ಡ್ ಸಾಮಾನ್ಯವಾಗಿ ನಾಟುವುದಿಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ನೆಫ್ರಿನ್ನಿನ ಮೇಲೆ ಎರಗುವ ಪ್ರತಿಕಾಯಗಳು ರೋಗ ಉಲ್ಬಣಿಸಿದ ಅನೇಕ ಮಕ್ಕಳ ರಕ್ತದಲ್ಲಿ ಇರುವುದಾಗಿ 2022 ಮತ್ತು 2024ರ ಸಂಶೋಧನೆಗಳು ತೋರಿಸಿವೆ. ಯಾವ ಮಗುವಿಗೆ ಯಾವ ಮದ್ದೆಂದು ಮೊದಲೇ ಅರಿಯುವ ದಿನ ಹತ್ತಿರವಾಗಲೆಂದು ಹಾರೈಸೋಣ. ಅಲ್ಲಿಯ ತನಕ ಮನೆಯಲ್ಲಿ ನಮಗೆ ದಕ್ಕುವ ಗುರುತು ಬೆಳಗಿನ ಈ ಪರೀಕ್ಷೆಯೇ.

ಇನ್ನು ಕೆಲವು ಮಾತು. ಊತವಿರುವಾಗ ಉಪ್ಪಿನಕಾಯಿ ಹಪ್ಪಳಗಳನ್ನು ದೂರವಿಡಿ. ಬೇಳೆ, ಹಾಲು, ಮೊಟ್ಟೆಗಳನ್ನು ಎಂದಿನಂತೆ ಕೊಡಿ. ಯಾವುದೇ ಲಸಿಕೆ ಹಾಕಿಸುವ ಮುನ್ನ ಸ್ಟೀರಾಯ್ಡಿನ ವಿಷಯವನ್ನು ತಿಳಿಸಿ. ಮನೆಯಲ್ಲಿಯೋ ಶಾಲೆಯಲ್ಲಿಯೋ ಯಾರಿಗಾದರೂ ಸಿಡುಬಿನಂಥ ನೀರುಗುಳ್ಳೆ ಎದ್ದಿದ್ದರೆ ವೈದ್ಯರಿಗೆ ಕೂಡಲೆ ಹೇಳಿ. ಜ್ವರದೊಡನೆ ಹೊಟ್ಟೆನೋವು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ. ದೊಮ್ಮಲೂರಿನ ಕಡೆಯವರಿಗೆ ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯು ದೂರವಲ್ಲ. ಮಕ್ಕಳ ಮೂತ್ರಪಿಂಡಗಳಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ.

ಆ ರಾತ್ರಿಯಿಂದೀಚೆಗೆ ನಮ್ಮ ಹುಡುಗನ ತಾಯಿ ಒಂದು ನೋಟು ಪುಸ್ತಕವನ್ನಿಟ್ಟಿದ್ದಾರೆ. ತಾರೀಖು, ಮೂತ್ರದ ಗುರುತು, ಕೊಟ್ಟ ಮಾತ್ರೆ, ನೆಗಡಿ ಕೆಮ್ಮು, ತೂಕ, ಹೀಗೆ ಹಾಲಿನ ಲೆಕ್ಕದಂತೆ ದಿನಕ್ಕೊಂದು ಸಾಲು. ಚಳಿಗಾಲದಲ್ಲಿ ಹುಡುಗನಿಗೆ ನೆಗಡಿಯಾದಾಗ ಮೂರು ದಿನ ಸತತವಾಗಿ ಮೂರು ಗುರುತು ಕಂಡಿತು. ಕಣ್ಣುರೆಪ್ಪೆ ಊದುವುದಕ್ಕೆ ಮುಂಚೆಯೇ ಅವರು ಪುಸ್ತಕವನ್ನು ಹಿಡಿದು ವೈದ್ಯರ ಬಳಿಗೆ ಹೋದರು. ಈ ಸಲ ಆಸ್ಪತ್ರೆಯಲ್ಲಿ ಮಲಗಿಸಬೇಕಾಗಲಿಲ್ಲ. ಹುಡುಗನ ಶಾಲೆಯೂ ತಪ್ಪಲಿಲ್ಲ. ಇಂಥ ಮಗುವಿರುವ ಪ್ರತಿಯೊಂದು ಮನೆಯಲ್ಲಿಯೂ ಅಂಥದೊಂದು ಪುಸ್ತಕವಿರಲಿ. ಮಾತ್ರೆಯನ್ನು ನಿಲ್ಲಿಸುವ ಮಾತು ನೆರೆಮನೆಯಿಂದ ಬಾರದೆ, ಆ ಪುಸ್ತಕವನ್ನು ನೋಡಿದ ವೈದ್ಯರಿಂದಲೇ ಬರಲಿ.