ಬಣ್ಣಕ್ಕೆ ಅವಸರ ಬೇಡ, ತಮ್ಮಾ!

ಈ ವಾರವೂ ಪತ್ರಗಳ ಕಟ್ಟು ಬಿಚ್ಚಿದರೆ ಎಂದಿನಂತೆ ಹೀರೋಗಳ ಕ್ರಾಪಿನದೇ ಪ್ರಶ್ನೆಗಳು. ಆದರೆ ಒಂದು ಪತ್ರ ಬೇರೆ ಥರದ್ದು. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ. 23ರ ಹುಡುಗ. ಕ್ಯಾನ್ಸರಿಗೆ ಕೀಮೋ ಮುಗಿದು ಎರಡು ತಿಂಗಳಾಯ್ತಂತೆ. ಪೂರ್ತಿ ಉದುರಿದ್ದ ಕೂದಲು ಈಗ ಕುರಿಮರಿ ತುಪ್ಪಟದ ಹಾಗೆ ಸುರುಳಿಯಾಗಿ, ಬೂದಿ ಬಣ್ಣದಲ್ಲಿ ಚಿಗುರುತ್ತಿದೆಯಂತೆ. 'ಅಣ್ಣಾ, ಮುಂದಿನ ತಿಂಗಳು ಅಕ್ಕನ ಮದುವೆ. ನೆಂಟರೆಲ್ಲ ನನ್ನ ತಲೆಯನ್ನೇ ನೋಡ್ತಾರೆ. ಅಂಗಡೀಲಿ ಸಿಗೋ ಡೈ ಹಚ್ಕೊಳ್ಲಾ?' ಅಂತ ಕೇಳಿದ್ದಾನೆ.

ಬೇಡ ತಮ್ಮಾ, ಈಗ ಖಂಡಿತ ಬೇಡ. ಮೇಕಪ್ ರೂಮಿನಲ್ಲಿ ವಿಗ್ಗು ಅಂಟಿಸಿ, ಬಣ್ಣ ಬಳಿದೇ ಅನ್ನ ತಿಂದವನು ನಾನು. ನಾನೇ ಬೇಡ ಅಂತಿದ್ದೀನಿ ಅಂದ್ರೆ ಕಾರಣ ಕೇಳು.

ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುತ್ತವೆ, ಕೂದಲಿನ ಬುಡದ ಕೋಶಗಳೂ ಹಾಗೇ. ವಿಲನ್‌ಗೆ ಬಿದ್ದ ಏಟು ಪಕ್ಕದಲ್ಲಿ ನಿಂತವನಿಗೂ ಬಿತ್ತು! ಎಲ್ಲಾ ಔಷಧಿಗೂ ಕೂದಲು ಹೋಗುವುದಿಲ್ಲ. ಹೋಗುವುದಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಶುರು. ಆದರೆ ಬಹುಪಾಲು ಜನರಲ್ಲಿ ಬುಡ ಸಾಯುವುದಿಲ್ಲ. ಔಷಧಿ ನಿಂತ ಒಂದು, ಎರಡು, ಮೂರು ತಿಂಗಳಲ್ಲಿ ಚಿಗುರುತ್ತದೆ. ಆಮೇಲೆ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆ. ಕೂದಲಿಗೆ ಬಣ್ಣ ಕೊಡುವ ಕೋಶಗಳು ಸ್ವಲ್ಪ ತಡವಾಗಿ ಏಳುತ್ತವೆ, ಅದಕ್ಕೇ ಈ ಬೂದಿ ಬಣ್ಣ. ನಿನಗೆ ಮುಪ್ಪು ಬಂದಿಲ್ಲ ಮಾರಾಯಾ! ಬಣ್ಣ, ಸುರುಳಿ ಎರಡೂ ಬಹಳಷ್ಟು ಜನಕ್ಕೆ ತಿಂಗಳುಗಳು ಕಳೆದಂತೆ ತಾವೇ ಹಳೆಯ ದಾರಿಗೆ ಬರುತ್ತವೆ.

ಈಗ ನಿನ್ನ ತಲೆಯ ಚರ್ಮ ಎಳೆಗೂಸಿನದ್ದು. ಡೈನಲ್ಲಿರುವ ಅಮೋನಿಯಾ, ಪಿಪಿಡಿ ಎಂಬ ರಾಸಾಯನಿಕ ಉರಿ, ಬೊಬ್ಬೆ, ಅಲರ್ಜಿ ತರಬಹುದು. ಕೀಮೋ ಮುಗಿದ ಮೇಲೆ ಸುಮಾರು ಆರು ತಿಂಗಳು ಕಾಯಿರಿ ಎನ್ನುವುದು ಸಾಮಾನ್ಯವಾಗಿ ಕೊಡುವ ಸಲಹೆ. 'ಕಪ್ಪು ಮೆಹಂದಿ' ಅಂತ ಮಾರುವುದರಲ್ಲೂ ಎಷ್ಟೋ ಸಲ ಇದೇ ಪಿಪಿಡಿ ಇರುತ್ತದೆ. ಬರೀ ಗೋರಂಟಿ ಮೆತ್ತಿದರೆ ಬೂದಿ ಕೂದಲು ಕಿತ್ತಳೆ ಆಗುತ್ತದೆ. ಮದುವೆ ಫೋಟೋದಲ್ಲಿ ಅದು ಬೇಕಾ?

ಆರು ತಿಂಗಳಾದ ಮೇಲೂ ನಿನ್ನ ಡಾಕ್ಟರನ್ನು ಕೇಳಿಯೇ ಡಬ್ಬಿ ತೆರೆ. ಮೊಳಕೈ ಒಳಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡು. ಕೆಂಪಾದರೆ, ಕೆರೆತ ಬಂದರೆ ಆ ಡೈ ನಿನಗಲ್ಲ. 'ಅಮೋನಿಯಾ ಇಲ್ಲ' ಅಂತ ಬರೆದಿದ್ದರೂ ಪಿಪಿಡಿ ಇರಬಹುದು, ಡಬ್ಬಿಯ ಹಿಂಬದಿ ಓದು.

ಅಲ್ಲೀವರೆಗೆ? ಮಕ್ಕಳ ಶಾಂಪೂ, ವಾರಕ್ಕೆ ಎರಡು ಸಲ, ಉಗುರುಬೆಚ್ಚಗಿನ ನೀರು. ಟವೆಲಿನಿಂದ ಉಜ್ಜಬೇಡ, ಒತ್ತಿ ಒರೆಸು. ಬಿಸಿ ಡ್ರೈಯರ್, ಸ್ಟ್ರೇಟ್ನಿಂಗ್ ಮುಟ್ಟಬೇಡ. ಬಿಸಿಲಿಗೆ ಹತ್ತಿಯ ಟೋಪಿ. 'ಏಳು ದಿನದಲ್ಲಿ ಕೂದಲು' ಅನ್ನುವ ಎಣ್ಣೆಗೆ ದುಡ್ಡು ಸುರಿಯಬೇಡ. ಕ್ಷೌರದಂಗಡಿಯಲ್ಲಿ ರೇಜರ್ ಬೇಡ ಅನ್ನು. ಕತ್ತರಿಯಲ್ಲಿ ಅಂಚು ಸಮ ಮಾಡಿಸು, ಸಾಕು. ಮದುವೆ ದಿನ ಮೈಸೂರು ಪೇಟ ಇಟ್ಟುಕೊಂಡು ನಿಲ್ಲು. ಅಕ್ಕನ ಮದುವೆಯಲ್ಲಿ ತಮ್ಮನ ತಲೆಗೆ ಅದಕ್ಕಿಂತ ಶೋಭೆ ಯಾವುದು? ಪೇಟ ಬೇಡ ಅನ್ನಿಸಿದರೆ ಬರಿದಲೆಯಲ್ಲೇ ಓಡಾಡು. 2018ರಲ್ಲಿ ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆದ ಸೋನಾಲಿ ಬೇಂದ್ರೆ ಬೋಳುತಲೆಯ ಫೋಟೋವನ್ನು ತಾವೇ ಲೋಕಕ್ಕೆಲ್ಲ ತೋರಿಸಿದರು. ನಮ್ಮ ಶಿವಣ್ಣ ಕೀಮೋ ನಡುವೆಯೂ ಶೂಟಿಂಗ್ ಮಾಡಿದವರು. 2024ರ ಡಿಸೆಂಬರ್ 24ರಂದು ಮಯಾಮಿಯಲ್ಲಿ ಆಪರೇಷನ್ ಮಾಡಿಸಿಕೊಂಡು, ಮರುವರ್ಷ ಮತ್ತೆ ಕ್ಯಾಮೆರಾ ಮುಂದೆ ನಿಂತರು.

ಇನ್ನು ಉಳಿದ ಅಭಿಮಾನಿ ಮಿತ್ರರಿಗೆ ಒಂದು ಮಾತು. ನಿಮ್ಮ ಓಣಿಯಲ್ಲೂ ಇಂಥ ಗೆಳೆಯ ಇದ್ದಾನು. 'ಏನೋ ಬೋಳಾ' ಅಂತ ಛೇಡಿಸಬೇಡಿ, 'ಅಯ್ಯೋ ಪಾಪ' ಅಂತ ಮುಖ ಸಣ್ಣ ಮಾಡಲೂಬೇಡಿ. ಡಾಕ್ಟರು ಹೊರಗೆ ಓಡಾಡಬಹುದು ಅಂದ ದಿನ ಅವನಿಗೂ ಸೇರಿಸಿ ಬಾಲ್ಕನಿ ಟಿಕೆಟ್ ತೆಗೆಸಿ. ಸಿನಿಮಾ ಮುಗಿದ ಮೇಲೆ ಕ್ಲೈಮ್ಯಾಕ್ಸಿನ ಬಗ್ಗೆ ಎಂದಿನಂತೆ ಅವನ ಜೊತೆ ಜಗಳ ಆಡಿ!